ಚಿ. ಸಿಂಧುವಿಗೆ, ತಲೆಯಾಡಿಸಿದ ವಿಷಯವಾಗಿ

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ದಿನವೂ ಫೋನಿನಲ್ಲಿ ಒಪ್ಪಿಸುತ್ತಿರುವುದರಿಂದ ಅದಕ್ಕೆ ಈ ಕಾಗದದಲ್ಲಿ ಜಾಗ ಕೊಡುವುದಿಲ್ಲ. ನಿನ್ನ ಪತ್ರದಲ್ಲಿ, ಲೈಪ್‌ಜಿಗ್‌ನ ಚಳಿಗೂ ಮನೆ ಬಾಡಿಗೆಗೂ ನಡುವೆ, ಯಾರ ಕಣ್ಣಿಗೂ ಬೀಳಬಾರದು ಎಂಬಂತೆ ನಾಲ್ಕು ಸಾಲು ಬರೆದಿದ್ದೆಯಲ್ಲ, ಅವು ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. 2022ರಲ್ಲಿ ಉಕ್ರೇನಿನಿಂದ ಓಡಿಬಂದ ತಾಯಿಯನ್ನೂ ಮಗನನ್ನೂ ಆರು ತಿಂಗಳು ತನ್ನ ಮನೆಯ ಮಹಡಿಯ ಕೋಣೆಯಲ್ಲಿ ಇರಿಸಿಕೊಂಡಿದ್ದ ನಿನ್ನ ಸಹೋದ್ಯೋಗಿಯೇ ಮೊನ್ನೆ ಊಟದ ಮೇಜಿನಲ್ಲಿ "ಸಾಕಾಯಿತು, ಇನ್ನು ಯಾರೂ ಬೇಡ" ಎಂದಳೆಂದೂ, ಕೂತಿದ್ದವರೆಲ್ಲ ಹೌದೆಂದರೆಂದೂ, ನೀನೂ ತಲೆಯಾಡಿಸಿದೆಯೆಂದೂ ಬರೆದಿದ್ದೀಯ. "ಯಾಕೆ ಆಡಿಸಿದೆನೋ ಗೊತ್ತಿಲ್ಲ ದೊಡ್ಡಪ್ಪ, ನಾನು ಎಂಥವಳಾಗುತ್ತಿದ್ದೇನೋ ಎಂದು ಹೆದರಿಕೆಯಾಗುತ್ತದೆ" ಎಂಬ ನಿನ್ನ ಮಾತಿಗೆ ಉತ್ತರ ಕೊಡಲು ಕೂತಿದ್ದೇನೆ. ಆದರೆ ಉತ್ತರ ನನ್ನ ಬಳಿ ಇದೆಯೆಂದು ಮೊದಲೇ ನಂಬಿಕೊಳ್ಳಬೇಡ.

ಆ ಹೆಂಗಸಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅವಳು ಆಗ ನಾಟಕವಾಡಿದಳು, ಈಗ ನಿಜ ಆಡುತ್ತಿದ್ದಾಳೆ ಎಂದು ತೀರ್ಮಾನಿಸಬೇಡ. ಎರಡೂ ಅವಳೇ. 2015ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ರೈಲು ನಿಲ್ದಾಣದಲ್ಲಿ ಇಳಿದ ಸಿರಿಯಾದವರಿಗೆ ಚಪ್ಪಾಳೆ ತಟ್ಟಿ, ಮಕ್ಕಳ ಕೈಗೆ ಗೊಂಬೆ ಕೊಟ್ಟ ಚಿತ್ರಗಳನ್ನು ನಾನೂ ಪತ್ರಿಕೆಯಲ್ಲಿ ನೋಡಿದ್ದೆ. ಅದಕ್ಕೆ ಕೆಲವೇ ದಿನ ಮುಂಚೆ ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಅವರು "ನಮ್ಮಿಂದ ಆಗುತ್ತದೆ" ಎಂದಿದ್ದರು. ಆ ವರ್ಷ ಆಶ್ರಯ ಕೇಳಿ ಆ ದೇಶಕ್ಕೆ ಬಂದವರು ಸುಮಾರು 8.9 ಲಕ್ಷ ಮಂದಿ. ಅದೇ ವರ್ಷದ ಕೊನೆಯ ರಾತ್ರಿ ಕಲೋನಿನಲ್ಲಿ ಹೆಣ್ಣುಮಕ್ಕಳ ಮೇಲೆ ಆದ ಲೈಂಗಿಕ ದೌರ್ಜನ್ಯವೂ ಸುಳ್ಳಲ್ಲ. ಅದನ್ನು ಮೆಲ್ಲಗೆ ಹೇಳಬೇಕು, ಮುಚ್ಚಿಡಬೇಕು ಎಂದವರು ಬಂದವರಿಗೆ ಉಪಕಾರವನ್ನೇನೂ ಮಾಡಲಿಲ್ಲ. ಪರದೇಶಿಗಳು ಬೇಡವೆನ್ನುವ ಪಕ್ಷ 2017ರ ಚುನಾವಣೆಯಲ್ಲಿ ಶೇ 12.6 ಮತ ಪಡೆದಿದ್ದದ್ದು, 2025ರ ಫೆಬ್ರವರಿಯಲ್ಲಿ ಶೇ 20.8ಕ್ಕೆ ಏರಿತು. ಆ ಐವರಲ್ಲಿ ಒಬ್ಬರ ಪೈಕಿ, ಹತ್ತು ವರ್ಷದ ಹಿಂದೆ ಗೊಂಬೆ ಹಿಡಿದು ನಿಲ್ದಾಣಕ್ಕೆ ಹೋಗಿದ್ದವರೂ ಇರಬಹುದೆಂದು ನನಗೆ ಅನಿಸುತ್ತದೆ. ಹೀಗೆ ಅನಿಸಲು ಕಾರಣ ಜರ್ಮನಿಯಲ್ಲ, ನಮ್ಮ ಮನೆ.

ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಕಥೆ ನಿನಗೆ ಗೊತ್ತು. ಚಿನ್ನದ ದೇವಸ್ಥಾನದ ಮುಂದೆ ನಿಂತು ನೀನು ತೆಗೆಸಿಕೊಂಡ ಫೋಟೊ ಈಗಲೂ ನಮ್ಮ ಗೋಡೆಯ ಮೇಲಿದೆ. ಆ ಗುಡಿಯಾಗಲಿ, ಹೋಟೆಲುಗಳಾಗಲಿ ಇಲ್ಲದ ಕಾಲದಲ್ಲಿ, 1960ರ ಚಳಿಗಾಲದಿಂದ ಅವರು ತಂಡತಂಡವಾಗಿ ಬಂದು ಇಳಿದರು. ಮೈಸೂರು ಸರ್ಕಾರ ಕೊಟ್ಟದ್ದು ಸುಮಾರು ಮೂರು ಸಾವಿರ ಎಕರೆ, ಅದೂ ಕಾಡು. (ಆಗ ಮುಖ್ಯಮಂತ್ರಿಯಾಗಿದ್ದವರು ಜತ್ತಿಯವರು, ಆದರೂ ದಲೈ ಲಾಮಾ ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುವುದು ನಿಜಲಿಂಗಪ್ಪನವರನ್ನು.) ನನಗೆ ಹನ್ನೊಂದು ವರ್ಷ. ಆ ಬಿಸಿಲಿನಲ್ಲಿ ಉಣ್ಣೆಯ ನಿಲುವಂಗಿ ಹಾಕಿಕೊಂಡು, ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬಳು ನಮ್ಮ ಜಗಲಿಯ ಮುಂದೆ ಬಂದು ನಿಂತಾಗ ನನ್ನ ಅವ್ವ, ಮಾತಿಲ್ಲದೆ, ಒಂದು ಚೆಂಬು ಮಜ್ಜಿಗೆ ತಂದುಕೊಟ್ಟಳು. ಆಕೆ ಒಂದು ಗುಟುಕು ಕುಡಿದು, ಹುಳಿಗೆ ಮುಖ ಕಿವುಚಿ, ಆಮೇಲೆ ಪೂರ್ತಿ ಕುಡಿದಳು. ಅವ್ವ ನಕ್ಕಳು. ಕೂಸಿಗೆ ಹಾಸಲೆಂದು ಹಳೆಯ ಸೀರೆಯೊಂದನ್ನು ಹರಿದು ಅರ್ಧ ಕೊಟ್ಟಳು. ಉಳಿದ ಅರ್ಧವನ್ನು ನಮ್ಮ ಕೌದಿಗೆ ಹಾಕಿ ಹೊಲೆದಳು. ನಿನ್ನ ಅಪ್ಪ ಅದನ್ನು ಹೊದ್ದುಕೊಂಡೇ ಬೆಳೆದವನು.

ಎಂಟು ವರ್ಷವಾಯಿತು. 1969ರಲ್ಲಿ ಎರಡನೆಯ ನೆಲೆಗೆ ಜಾಗ ಕೊಡುವ ಮಾತು ಬಂದಾಗ ಅದೇ ಅವ್ವ, ಒಲೆಯ ಮುಂದೆ ಕೂತು, "ಅವರಿಗಾದರೆ ಸಾವಿರಗಟ್ಟಲೆ ಎಕರೆ, ನಿಮ್ಮಪ್ಪ ಹಾಕಿದ ದರಖಾಸ್ತು ತಾಲ್ಲೂಕು ಕಚೇರಿಯಲ್ಲಿ ಗೆದ್ದಲು ತಿನ್ನುತ್ತಿದೆ" ಎಂದಳು. ಅವಳ ದನಿಯಲ್ಲಿ ದ್ವೇಷವಿರಲಿಲ್ಲ, ಸರದಿಯಲ್ಲಿ ನಿಂತು ನಿಂತು ಕಾಲು ಸೋತವರ ದನಿ ಅದು. ಕೊಟ್ಟ ಮಜ್ಜಿಗೆಯನ್ನು ಅವಳು ಮರೆತಿರಲಿಲ್ಲ. ಆದರೆ ಮಜ್ಜಿಗೆ ಕೊಡುವಾಗ, ಇವರು ಒಂದು ದಿನ ಊರಿಗೆ ಹಿಂತಿರುಗುತ್ತಾರೆ ಎಂದುಕೊಂಡಿದ್ದಳು. ಜನಾಭಿಪ್ರಾಯವೆಂದು ಪತ್ರಿಕೆಗಳು ಬರೆಯುವಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಒಲೆಯ ಮುಂದಿನ ಅವ್ವ. ನಿನ್ನ ಸಹೋದ್ಯೋಗಿಯೂ ಹಾಗೆಯೇ, ಆರು ತಿಂಗಳ ಲೆಕ್ಕದಲ್ಲಿ ಬಾಗಿಲು ತೆರೆದಿದ್ದವಳು, ಯುದ್ಧ ಮೂರು ವರ್ಷ ದಾಟಿದ ಮೇಲೆ ಮಾತಾಡುತ್ತಿರಬೇಕು.

ಇಷ್ಟಾದ ಮೇಲೆ, ನಿನ್ನ ಅಪ್ಪನಿಗೂ ನಾನು ಈವರೆಗೆ ಹೇಳದ ಒಂದು ವಿಷಯ. ನಿನ್ನ ಹೆದರಿಕೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಎರಡನೆಯ ನೆಲೆ ಬೇಡವೆಂದು ನಮ್ಮ ಕಡೆಯವರು ಸರ್ಕಾರಕ್ಕೆ ಒಂದು ಮನವಿ ಕಳಿಸಲು ಹೊರಟರು. ಅಕ್ಷರ ದುಂಡಗಿದೆ, ಭಾಷೆ ಚೆನ್ನಾಗಿದೆ ಎಂದು ಅದನ್ನು ಬರೆಯುವ ಕೆಲಸ ನನಗೆ ಬಂತು. ಭೂಮಿಯ ವಿಷಯ ಬರೆದೆ, ಅದು ನಿಜವೂ ಆಗಿತ್ತು. ಎರಡು ಪುಟ ಬರೆದ ಮೇಲೆ ಮನವಿ ಸಪ್ಪೆಯಾಗಿದೆ ಅನಿಸಿತು. "ಇವರು ಬಂದಂದಿನಿಂದ ನಮ್ಮ ಗ್ರಾಮಗಳಲ್ಲಿ ಕ್ಷಯರೋಗವು ಹೆಚ್ಚುತ್ತಲಿದೆ" ಎಂಬ ಒಂದು ವಾಕ್ಯವನ್ನು ನಾನೇ ಸೇರಿಸಿದೆ. ಯಾರೂ ಹೇಳಿರಲಿಲ್ಲ, ನಾನು ಯಾವ ಆಸ್ಪತ್ರೆಯಲ್ಲೂ ವಿಚಾರಿಸಿರಲಿಲ್ಲ. ವಾಕ್ಯಕ್ಕೆ ತೂಕ ಬರಲಿ ಎಂದು ಬರೆದದ್ದು, ಅಷ್ಟೇ. ಓದಿ ಹೇಳಿದಾಗ ಎಲ್ಲರೂ ಮೆಚ್ಚಿದ್ದು ಅದೊಂದನ್ನೇ. ಇನ್ನೊಂದು ಮಾತು: ನಿಜವಾಗಿ ನೆಲವಿಲ್ಲದವರು ನಮ್ಮ ಸುತ್ತ ಇದ್ದರು, ಕಾಡಿನ ಅಂಚಿನ ಜೇನುಕುರುಬರು, ಹೊಲೆಗೇರಿಯ ಕೂಲಿಯವರು. ಅವರ ಹೆಸರಾಗಲಿ ಹೆಬ್ಬೆಟ್ಟಾಗಲಿ ಆ ಮನವಿಯಲ್ಲಿ ಇರಲಿಲ್ಲ. ಸಹಿ ಹಾಕಿದವರಿಗೆಲ್ಲ ಕನಿಷ್ಠ ಒಂದೆರಡು ಎಕರೆ ಇತ್ತು.

ಮನವಿಯಿಂದ ಏನೂ ಆಗಲಿಲ್ಲ, ನೆಲೆ ಬಂತು. ವಾಕ್ಯ ಮಾತ್ರ ಊರಿನಲ್ಲೇ ಉಳಿಯಿತು.

ಮುಂದಿನ ವರ್ಷ ನನಗೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಆ ಸೀಮೆಯದೇ ಒಂದು ಸಣ್ಣ ಕಚೇರಿಯ ಕೌಂಟರಿನಲ್ಲಿ ಕೂತೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಕೋಟಿಯಷ್ಟು ಜನ ಗಡಿ ದಾಟಿ ಬಂದಾಗ, ಅವರ ಖರ್ಚಿಗೆಂದು ಸರ್ಕಾರ ನವೆಂಬರ್ 15ರಿಂದ ಕಾಗದಗಳಿಗೆ ಐದು ಪೈಸೆಯ ಹೆಚ್ಚುವರಿ ಸ್ಟಾಂಪು ಅಂಟಿಸುವುದನ್ನು ಕಡ್ಡಾಯ ಮಾಡಿತು. ಹದಿನೈದು ಪೈಸೆಯ ಇನ್‌ಲ್ಯಾಂಡ್ ಪತ್ರಕ್ಕೆ ಇಪ್ಪತ್ತು ಕೊಡಬೇಕಾಯಿತು. ಹೊಸ ಸ್ಟಾಂಪು ಅಚ್ಚಾಗುವವರೆಗೆ, ಗಂಡ ಹೆಂಡತಿ ಮಕ್ಕಳ ಚಿತ್ರವಿದ್ದ ಕುಟುಂಬ ಯೋಜನೆಯ ಕೆಂಪು ಸ್ಟಾಂಪಿನ ಮೇಲೆಯೇ ನಿರಾಶ್ರಿತರ ನೆರವು ಎಂಬರ್ಥದ ಅಕ್ಷರಗಳನ್ನು ಒತ್ತಿ ಕಳಿಸಿದ್ದರು. ಅದನ್ನು ನೋಡಿ ಒಬ್ಬ ಕಾಫಿ ಬೆಳೆಗಾರರು, "ಒಂದು ಕೈಲಿ ಎರಡೋ ಮೂರೋ ಸಾಕು ಅಂತೀರಿ, ಇನ್ನೊಂದು ಕೈಲಿ ಕೋಟಿ ಜನರನ್ನು ಒಳಗೆ ಕರೆಯುತ್ತೀರಿ" ಎಂದು ಕೌಂಟರಿನ ಮುಂದೆ ನಗೆ ಎಬ್ಬಿಸಿದ್ದರು. ಡಿಸೆಂಬರಿನಲ್ಲಿ ಯುದ್ಧ ಗೆದ್ದ ಮೇಲೆ ಅದೇ ಜನ ಐದು ಪೈಸೆಯನ್ನು ಹೆಮ್ಮೆಯಿಂದ ಎಣಿಸಿ ಕೊಟ್ಟರು. ಬಂದವರಲ್ಲಿ ಬಹುಪಾಲು ಜನ 1972ರಲ್ಲಿ ತಮ್ಮ ದೇಶಕ್ಕೆ ಹಿಂತಿರುಗಿದರೂ ತೆರಿಗೆ 1973ರ ಮಾರ್ಚಿನವರೆಗೆ ನಡೆಯಿತು. ಆಗ ಮತ್ತೆ ಗೊಣಗಾಟ. ಒಂದೂವರೆ ವರ್ಷದೊಳಗೆ ಜನರ ಮನಸ್ಸು ಮೂರು ಸಲ ಹೊರಳಿದ್ದನ್ನು ನಾನು ಆ ಜಾಲರಿಯ ಹಿಂದೆ ಕೂತು ಕೇಳಿದ್ದೇನೆ.

ಆ ಮೊದಲ ವಾರಗಳಲ್ಲೇ ಒಂದು ದಿನ ಕ್ಯಾಂಪಿನ ಹೆಂಗಸೊಬ್ಬಳು ಸಾಲಿನಲ್ಲಿ ನಿಂತಿದ್ದಳು. ಮಸ್ಸೂರಿಯ ಟಿಬೆಟನ್ ಶಾಲೆಯಲ್ಲಿದ್ದ ಮಗನಿಗೆ ಕಾಗದ. ಅವಳ ಹಿಂದೆ ನಿಂತಿದ್ದವನು ಟವೆಲಿನಿಂದ ಮೂಗು ಮುಚ್ಚಿಕೊಂಡು, ನನ್ನ ಕಡೆ ನೋಡಿ, "ಇವರು ಬಂದಂದಿನಿಂದ ಕ್ಷಯ ಹೆಚ್ಚಾಯಿತು ಸ್ವಾಮಿ, ಬೇರೆ ಸಾಲು ಮಾಡಿಸಿ" ಎಂದ. ನನ್ನ ವಾಕ್ಯ, ಪದ ಪದವೂ ನನ್ನದೇ. ನಾನು ತಲೆಯಾಡಿಸಿದೆ, ಸಿಂಧು. ಬೇರೆ ಸಾಲು ಮಾಡಿಸಲಿಲ್ಲ, ಅವನನ್ನು ಸುಮ್ಮನಿರೆಂದೂ ಹೇಳಲಿಲ್ಲ, ತಲೆಯಾಡಿಸಿದೆ. ಅವಳು ಕೆಂಪು ಸ್ಟಾಂಪನ್ನು ತಿರುಗಿಸಿ ನೋಡಿ ಇದು ಏತಕ್ಕೆಂದು ಕೇಳಿದಳು. "ನಿರಾಶ್ರಿತರಿಗೆ" ಎಂದೆ. ಹತ್ತು ವರ್ಷ ಕಚೇರಿಗಳಿಗೆ ಅಲೆದವಳಿಗೆ ಕನ್ನಡದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದ ಪದ ಅದೇ ಇರಬೇಕು. ಸೆರಗಿನಂಥ ಪಟ್ಟಿಯ ಗಂಟಿನಿಂದ ಐದು ಪೈಸೆ ಬಿಚ್ಚಿ ಕೊಟ್ಟು, ಸ್ಟಾಂಪು ಓರೆಯಾಗದಂತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿ ಹೋದಳು.

39 ವರ್ಷದ ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳಿಗೆಲ್ಲ ಇಲಾಖೆ ಮೆಮೊ ಕೊಟ್ಟಿದೆ. ಇದಕ್ಕೆ ಯಾರೂ ಕೊಡಲಿಲ್ಲ. ಬಹುಶಃ ಅದಕ್ಕೇ ಇದೊಂದು ಮಾತ್ರ ಇನ್ನೂ ತೀರದೆ ಉಳಿದಿದೆ.

ಆದ್ದರಿಂದ ನೀನು ಎಂಥವಳಾಗುತ್ತಿದ್ದೀಯ ಎಂಬ ಪ್ರಶ್ನೆಗೆ, ನನ್ನಂಥವಳಾಗುತ್ತಿದ್ದೀಯ ಎಂದೇ ಹೇಳಬೇಕಾಗಿದೆ. ಇದನ್ನು ಸಮಾಧಾನವೆಂದು ತೆಗೆದುಕೊಳ್ಳುತ್ತೀಯೋ ಇಲ್ಲವೋ ತಿಳಿಯದು. ನಾನು ತಲೆಯಾಡಿಸಿದ್ದಕ್ಕೆ ಕಾರಣವೂ ನಿನ್ನ ಕಾರಣವೂ ಒಂದೇ ಅಲ್ಲ ಎಂಬುದನ್ನು ಮಾತ್ರ ನ್ಯಾಯವಾಗಿ ಒಪ್ಪುತ್ತೇನೆ. ನಾನು ಸ್ವಂತ ಊರಿನಲ್ಲಿ, ಸರ್ಕಾರಿ ಕುರ್ಚಿಯಲ್ಲಿ ಕೂತು ಆಡಿಸಿದೆ. ನೀನು ಕಂದು ಮೈಬಣ್ಣದವಳು, ವೀಸಾದ ಮೇಲೆ ಇರುವವಳು, ಆ ಮೇಜಿನಲ್ಲಿ ಹೊರಗಿನಿಂದ ಬಂದವಳು ನೀನೊಬ್ಬಳೇ. "ಬೇಡದವರು" ಎಂಬ ಪಟ್ಟಿ ಬೆಳೆಯುವಾಗ ಅದರಲ್ಲಿ ನಿನ್ನ ಹೆಸರು ಬರದಿರಲಿ ಎಂದು ನಿನ್ನ ಕತ್ತು ತಾನಾಗಿ ಬಾಗಿತೇನೋ. ಯುರೋಪಿನ ಒಕ್ಕೂಟ 2001ರಲ್ಲೇ ಬರೆದಿಟ್ಟುಕೊಂಡಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು 2015ರಲ್ಲಿ ಸಿರಿಯಾದವರಿಗಾಗಿ ಬಳಸದೆ, 2022ರ ಮಾರ್ಚಿನಲ್ಲಿ ಉಕ್ರೇನಿನವರಿಗಾಗಿ ಮೊದಲ ಸಲ ಜಾರಿಗೆ ತಂದಿತು ಎಂದು ಓದಿದಾಗ ನನಗೂ ಅನಿಸಿತು, ಬಾಗಿಲಲ್ಲಿ ಮುಖವನ್ನೂ ನೋಡುತ್ತಾರೆ ಎಂದು. ನಮ್ಮ ದೇಶವೇನೂ ಮೇಲಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿಯನ್ನೇ ಹಾಕಿಲ್ಲ, ಯಾರು ಬಂದರೂ ಆಯಾ ಸರ್ಕಾರದ ಮರ್ಜಿ.

ಏನು ಮಾಡಬೇಕೆಂದು ನೀನು ಕೇಳಿಲ್ಲ. ಹೇಳುವ ಯೋಗ್ಯತೆ ನನಗಿದೆಯೆಂದೂ ಅಲ್ಲ. ಆದರೂ ವಯಸ್ಸಾದವರ ಚಾಳಿ, ಒಂದೆರಡು ಮಾತು. ಆ ಮೇಜಿನಲ್ಲಿ ಭಾಷಣ ಮಾಡಲು ಹೋಗಬೇಡ. ನಿನ್ನ ಜರ್ಮನ್ ಇನ್ನೂ ಜಗಳವಾಡುವಷ್ಟು ಬಲಿತಿಲ್ಲವೆಂದು ನೀನೇ ಬರೆದಿದ್ದೀಯ. ತಲೆ ತಾನಾಗಿ ಆಡುವಂತಿದ್ದರೆ ನೀರಿನ ಲೋಟ ಎತ್ತಿಕೋ. ಇದು ಹೇಡಿಯ ಉಪಾಯ, ಬಲ್ಲೆ. ನನಗೆ ಅಂದು ಅಷ್ಟೂ ಹೊಳೆದಿರಲಿಲ್ಲ. ನೀನಾಗಿ ನೋಡದ, ವಿಚಾರಿಸದ ಮಾತನ್ನು ಯಾರಿಗೂ, ನಮ್ಮ ಕುಟುಂಬದ ವಾಟ್ಸಾಪಿನಲ್ಲೂ, ಮುಂದಕ್ಕೆ ಕಳಿಸಬೇಡ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿನ್ನ ವೀಸಾ ಕಾಗದಗಳ ಅವಧಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ ಎಂದು ಈ ಪತ್ರದಲ್ಲೇ ಹೇಳುವುದು ಸಣ್ಣತನವೆನಿಸಬಹುದು, ಆದರೂ ಬರೆದಿಟ್ಟುಕೋ.

ನಮ್ಮ ಕಡೆ ಮುಂದೇನಾಯಿತೆಂದು ಹೇಳಿದರೆ ನಿನಗೆ ಧೈರ್ಯ ಬರಬಹುದೇ ಎಂದು ಯೋಚಿಸಿದೆ. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ನಮ್ಮವರು ಅವರ ಹೊಲಕ್ಕೆ ಕೂಲಿಗೆ ಹೋದರು, ಈಗ ದೇವಸ್ಥಾನದ ಮುಂದೆ ಆಟೊ ಓಡಿಸಿ ಬದುಕುತ್ತಾರೆ. ಮನವಿಗೆ ಸಹಿ ಹಾಕಿದ್ದ ಒಬ್ಬರ ಮೊಮ್ಮಗ ಅಲ್ಲಿಯೇ ಅಂಗಡಿ ಇಟ್ಟು, ಸಲೀಸಾಗಿ ಟಿಬೆಟನ್ ಮಾತಾಡುತ್ತಾನೆ. ಇದೆಲ್ಲ ನಿಜ. ಆದರೆ ಇದಕ್ಕೆ ಐವತ್ತು ವರ್ಷ ಹಿಡಿಯಿತು, ಮತ್ತು ಆ ಹೆಂಗಸು ಅಷ್ಟು ದಿನ ಬದುಕಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಕಾಗದದ ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಇದ್ದೇ ಇತ್ತು. ಮುದ್ರೆ ಒತ್ತುವಾಗ ನಾನು ಓದಲಿಲ್ಲ.

ನಿನ್ನ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಆ ಮಹಡಿಯ ಕೋಣೆಯಲ್ಲಿ ಆರು ತಿಂಗಳು ಇದ್ದ ಹುಡುಗನ ಹೆಸರನ್ನು ನೀನು ಬರೆದಿಲ್ಲ. ಸಮಯ ನೋಡಿ, ನಿನ್ನ ಸಹೋದ್ಯೋಗಿ ಒಬ್ಬಳೇ ಇದ್ದಾಗ, ಅವನು ಈಗ ಎಲ್ಲಿದ್ದಾನೆ, ಯಾವ ತರಗತಿ ಎಂದು ಕೇಳು. ಮುಂದಿನ ಪತ್ರದಲ್ಲಿ ನನಗೂ ತಿಳಿಸು.

ಇಂತು,
ನಿನ್ನ ದೊಡ್ಡಪ್ಪ