ಇಂಗಾಲದ ಲೆಕ್ಕವನ್ನು ರೂಪಾಯಿಯಿಂದ ಭಾಗಿಸಬೇಡಿ

ಮಾನ್ಯ ಸಂಪಾದಕರೇ,

ಗೇರ್, ಬೋಲ್ಟ್, ಬೇರಿಂಗ್, ಎರಕದ ಬಿಡಿಭಾಗ ತಯಾರಿಸುವ ಕಂಪನಿಗಳು ‘2030ರೊಳಗೆ ಇಂಗಾಲ ಇಷ್ಟು ಶೇಕಡ ಕಡಿತ’ ಎಂದು ಘೋಷಿಸುವುದು ವಾಣಿಜ್ಯ ಪುಟದ ಮಾಮೂಲಿ ಸುದ್ದಿಯಾಗಿದೆ. ಆ ಶೇಕಡ ಯಾವುದರಿಂದ ಭಾಗಿಸಿದಾಗ ಬಂತು ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಅದು ವಹಿವಾಟಿನ ರೂಪಾಯಿ. ಸ್ಟೀಲ್ ದರ ಏರಿದರೆ ಬಿಡಿಭಾಗದ ದರವೂ ಪರಿಷ್ಕರಣೆಯಾಗುತ್ತದೆ, ಡಾಲರ್ ಏರಿದರೆ ರಫ್ತುದಾರರ ವಹಿವಾಟು ಉಬ್ಬುತ್ತದೆ. ಎರಡೂ ಸಂದರ್ಭದಲ್ಲಿ ಒಂದು ವಾಲ್ವ್ ಕೂಡ ತಿರುಗಿಸದೆ ‘ಪ್ರತಿ ಕೋಟಿಗೆ ಇಂಗಾಲ’ ಇಳಿದುಬಿಡುತ್ತದೆ. ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ಕಂಪನಿಗಳ ಸುಸ್ಥಿರತಾ ವರದಿ) ನಮೂನೆಯಲ್ಲಿ ಭೌತಿಕ ಉತ್ಪಾದನೆಯ ಲೆಕ್ಕದಲ್ಲಿ ಇಂಗಾಲದ ತೀವ್ರತೆ ಹೇಳಲೂ ಜಾಗವಿದೆ. ವರದಿಗಾರರು ನೋಡಬೇಕಾದ ಸಾಲು ಅದು: ಒಂದು ಟನ್ ಮಾಲಿಗೆ ಎಷ್ಟು, ಒಟ್ಟು ಎಷ್ಟು.

ಟನ್ನಿನ ಲೆಕ್ಕದಲ್ಲೂ ಒಂದು ಕಿಂಡಿ ಇದೆ, ಜಾಬ್ ವರ್ಕ್, ಅಂದರೆ ಕೆಲಸವನ್ನು ಹೊರಗೆ ಮಾಡಿಸುವುದು. ಹೀಟ್ ಟ್ರೀಟ್‌ಮೆಂಟ್ ಫರ್ನೇಸನ್ನು ಮುಚ್ಚಿ ಅದೇ ಕೆಲಸವನ್ನು ಪಕ್ಕದ ರಸ್ತೆಯ ಶೆಡ್ಡಿಗೆ ಕಳುಹಿಸಿದರೆ ಕಂಪನಿಯ ಸ್ಕೋಪ್ 1 (ಸ್ವಂತ ಕಾರ್ಖಾನೆಯ ಹೊಗೆ) ಮತ್ತು 2 (ಕೊಂಡ ವಿದ್ಯುತ್ತಿನ ಹೊಗೆ) ಕುಸಿಯುತ್ತವೆ. ಹೊಗೆ ಗೇಟಿನಾಚೆ ಹೋಗಿ ಸ್ಕೋಪ್ 3 (ಪೂರೈಕೆದಾರರೇ ಮೊದಲಾದ ಹೊರಗಿನವರ ಹೊಗೆ) ಆಯಿತಷ್ಟೆ. ಕಾರ್ಬುರೈಸಿಂಗ್ (ಸ್ಟೀಲಿನ ಮೇಲ್ಮೈಗೆ ಇಂಗಾಲ ಸೇರಿಸಿ ಗಟ್ಟಿಗೊಳಿಸುವುದು) ಮಾಡುವಲ್ಲಿ ಇನ್ನೊಂದು ಲೋಪ ಸಾಮಾನ್ಯ: ಫರ್ನೇಸಿಗೆ ತೊಟ್ಟಿಕ್ಕಿಸುವ ಮೆಥನಾಲ್ ಸ್ಟೋರ್ಸ್ ಪುಸ್ತಕದಲ್ಲಿ ‘ಕೆಮಿಕಲ್’ ಎಂದು ದಾಖಲಾಗಿರುತ್ತದೆ, ಇಂಧನದ ಪಟ್ಟಿಗೆ ಬರುವುದೇ ಇಲ್ಲ. ಒಂದು ಕೆ.ಜಿ. ಮೆಥನಾಲ್ ಪೂರ್ತಿ ಉರಿದರೆ 1.375 ಕೆ.ಜಿ. ಇಂಗಾಲದ ಡೈಆಕ್ಸೈಡ್. ಚಿಲ್ಲರ್‌ಗೆ ತುಂಬುವ ಗ್ಯಾಸೂ ಹಾಗೆಯೇ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳದ್ದು ಬೇರೆ ಕಥೆ. ಕ್ಯುಪೋಲಾ (ಕೋಕ್ ಉರಿಸುವ ಕುಲುಮೆ) ತೆಗೆದು ವಿದ್ಯುತ್ತಿನ ಇಂಡಕ್ಷನ್ ಫರ್ನೇಸ್ ಹಾಕಿದ್ದನ್ನೇ ಹವಾಮಾನ ಸಾಧನೆ ಎನ್ನುವವರಿದ್ದಾರೆ. ದೂಳು, ಗಂಧಕದ ಮಟ್ಟಿಗೆ ಅದು ದೊಡ್ಡ ಸುಧಾರಣೆ, ಒಪ್ಪೋಣ. ಇಂಗಾಲದ ಲೆಕ್ಕ ಹಾಕಿ ನೋಡಿ. ಕ್ಯುಪೋಲಾದಲ್ಲಿ ಒಂದು ಟನ್ ಲೋಹಕ್ಕೆ ಸುಮಾರು 120 ಕೆ.ಜಿ. ಕೋಕ್ ಎಂದರೆ 350 ಕೆ.ಜಿ. ಆಸುಪಾಸು ಇಂಗಾಲದ ಡೈಆಕ್ಸೈಡ್. ಇಂಡಕ್ಷನ್‌ನಲ್ಲಿ ಟನ್ನಿಗೆ 600 ಯೂನಿಟ್ ಹಿಡಿಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023–24ರ ಸರಾಸರಿ, ಯೂನಿಟ್‌ಗೆ 0.727 ಕೆ.ಜಿ. ಅಂದರೆ 436 ಕೆ.ಜಿ.! ಗ್ರಿಡ್ ವಿದ್ಯುತ್ತನ್ನೇ ನೆಚ್ಚಿಕೊಂಡರೆ ಹೊಗೆ ಕಾಣದೆ ಹೋಯಿತೇ ಹೊರತು ಕಡಿಮೆಯಾಗಲಿಲ್ಲ. ಸೌರ ಅಥವಾ ಗಾಳಿ ವಿದ್ಯುತ್ ತಂದಾಗಲೇ ಈ ಬದಲಾವಣೆಗೆ ಬೆಲೆ. ಹಸಿರು ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಲು ಬಿಡುವ 2022ರ ಹಸಿರು ಓಪನ್ ಆ್ಯಕ್ಸೆಸ್ ನಿಯಮ ಕನಿಷ್ಠ ಬೇಡಿಕೆಯ ಮಿತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿದ್ದರಿಂದ ಸಣ್ಣ ಫೌಂಡ್ರಿಗೂ ದಾರಿ ತೆರೆದಿದೆ. ಅದಕ್ಕೂ ಮೊದಲು ಯೀಲ್ಡ್ ನೋಡಬೇಕು. ಸುರಿದ ಲೋಹದಲ್ಲಿ ಶೇ 60 ಮಾತ್ರ ಒಳ್ಳೆಯ ಮಾಲಾಗಿ, ಉಳಿದದ್ದು ರೈಸರ್, ರನ್ನರ್ (ಅಚ್ಚಿನ ದಾರಿಗಳಲ್ಲಿ ಉಳಿಯುವ ಲೋಹ), ರಿಜೆಕ್ಷನ್ ಆಗಿ ಮತ್ತೆ ಕುಲುಮೆಗೆ ಬಿದ್ದರೆ ಆ 600 ಯೂನಿಟ್ ಎಂಬುದು ಒಂದು ಟನ್ ಮಾಲಿಗೆ 1,000 ಯೂನಿಟ್ ಆಗುತ್ತದೆ. ಯೀಲ್ಡನ್ನು ಶೇ 70ಕ್ಕೆ ಏರಿಸಿದರೆ ಟನ್ನಿಗೆ ಸುಮಾರು 140 ಯೂನಿಟ್ ಉಳಿತಾಯ, ಅದೂ ಸೋಲಾರ್ ಪ್ಯಾನೆಲ್ಲಿಗೆ ಒಂದು ಪೈಸೆ ಹಾಕದೆ.

ಫೋರ್ಜಿಂಗ್ (ಕಾಯಿಸಿ ಬಡಿದು ರೂಪ ಕೊಡುವುದು), ಮಷೀನಿಂಗ್ ಮಾಡುವವರಲ್ಲಿ ಇಂಗಾಲದ ಹೆಚ್ಚಿನ ಪಾಲು ಖರೀದಿಸಿದ ಸ್ಟೀಲಿನದೇ. ಒಂದು ಕೆ.ಜಿ. ಗೇರ್‌ಗೆ 1.6 ಕೆ.ಜಿ. ಸ್ಟೀಲ್ ಬಾರ್ (ಸರಳು) ಬೇಕು ಎಂದುಕೊಳ್ಳಿ. ಭಾರತದ ಸ್ಟೀಲಿನ ಸರಾಸರಿ ಟನ್ನಿಗೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್. ಆಗ ಬಾರ್ ಗೇಟಿಗೆ ಬರುವ ಹೊತ್ತಿಗೇ 4 ಕೆ.ಜಿ. ಆಗಿರುತ್ತದೆ. ಅದೇ ಬಾರನ್ನು ಫೋರ್ಜಿಂಗಿಗೆ ಇಂಡಕ್ಷನ್ ಹೀಟರ್‌ನಲ್ಲಿ ಕಾಯಿಸಲು ಸುಮಾರು 0.7 ಯೂನಿಟ್, ಅಂದರೆ ಅರ್ಧ ಕೆ.ಜಿ. ಹೀಗಿರುವಾಗ ಸ್ಕೋಪ್ 1 ಮತ್ತು 2ಕ್ಕೆ ಮಾತ್ರ ಗುರಿ ಇಟ್ಟ ‘ಕಾರ್ಬನ್ ನ್ಯೂಟ್ರಲ್ ಕಾರ್ಖಾನೆ’ ಎಂಬ ಫಲಕಕ್ಕೆ ಹೆಚ್ಚು ಅರ್ಥವಿಲ್ಲ. ಬಾರ್‌ನ ವ್ಯಾಸ ಎರಡು ಮಿ.ಮೀ. ಕಡಿಮೆ ಮಾಡಿ ಲೇತ್‌ನಲ್ಲಿ ಬೀಳುವ ಚೂರು ತಗ್ಗಿಸುವುದು ಚಾವಣಿಯ ಸೋಲಾರ್‌ಗಿಂತ ಹೆಚ್ಚು ಕೊಡುವ ಉದಾಹರಣೆಗಳು ಬೇಕಾದಷ್ಟಿವೆ.

ಯುರೋಪಿನ ಗಡಿ ಇಂಗಾಲ ತೆರಿಗೆ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಬೋಲ್ಟ್, ನಟ್ (ಸುಂಕದ ಕೋಡ್ 7318) ಮತ್ತು ಹಲವು ಫೋರ್ಜಿಂಗ್‌ಗಳು (7326) ಅದರ ಪಟ್ಟಿಯಲ್ಲಿವೆ. ಒಂದು ಸೂಕ್ಷ್ಮ ಇಲ್ಲಿದೆ. ಕಬ್ಬಿಣ ಮತ್ತು ಸ್ಟೀಲಿನ ವಸ್ತುಗಳಿಗೆ ತೆರಿಗೆ ನೇರ ಹೊರಸೂಸುವಿಕೆಯ ಮೇಲೆ, ವಿದ್ಯುತ್ತಿನದ್ದು ಸೇರುವುದಿಲ್ಲ. ಬಳಸಿದ ಸ್ಟೀಲಿನದ್ದು ಸೇರುತ್ತದೆ. ಹಸಿರು ವಿದ್ಯುತ್ ಕೊಂಡು ‘ತೆರಿಗೆ ಉಳಿಯಿತು’ ಎಂದುಕೊಂಡಿರುವ ಬೋಲ್ಟ್ ರಫ್ತುದಾರರು ತಪ್ಪು ಕಡೆ ಹಣ ಹಾಕಿದ್ದಾರೆ. ಅವರಿಗೆ ಬೇಕಿರುವುದು ಸ್ಟೀಲ್ ಗಿರಣಿಯ ಪರಿಶೀಲಿತ ಅಂಕಿ. ಅದಿಲ್ಲದಿದ್ದರೆ ಯುರೋಪ್ ನಿಗದಿಪಡಿಸಿದ ಡೀಫಾಲ್ಟ್ ಮೌಲ್ಯ ಹಾಕುತ್ತಾರೆ, ಅದು ಬಹುತೇಕ ದುಬಾರಿಯೇ.

ಈ ಅಂಕಿ ಕೇಳುವುದು ದೊಡ್ಡ ಕಂಪನಿಗೆ ಸುಲಭ, ಗಿರಣಿಯಿಂದಲೇ ಕೊಳ್ಳುತ್ತದೆ. ಪೀಣ್ಯದಲ್ಲೋ ಬೆಳಗಾವಿಯಲ್ಲೋ ತಿಂಗಳಿಗೆ ಐದು ಟನ್ ಕೊಳ್ಳುವವರಿಗೆ ಮಾಲು ಬರುವುದು ಸ್ಟಾಕಿಸ್ಟ್‌ನಿಂದ. ಎರಡು ಗಿರಣಿಗಳ ಬಾರ್ ಒಂದೇ ರ‍್ಯಾಕಿನಲ್ಲಿ ಬೆರೆತಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಸಿರು ಸ್ಟೀಲಿಗೆ ಟನ್ನಿಗೆ 2.2 ಟನ್ ಇಂಗಾಲದ ಡೈಆಕ್ಸೈಡಿನ ಮಿತಿ ಹಾಕಿ ನಕ್ಷತ್ರಗಳ ಶ್ರೇಣಿ ನಿಗದಿಪಡಿಸಿದೆ. ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಹೀಟ್ ನಂಬರಿನ (ಒಂದೇ ಸಲ ಕರಗಿಸಿದ ಸ್ಟೀಲಿನ ಗುರುತು ಸಂಖ್ಯೆ) ಪಕ್ಕ ಕಾರ್ಬನ್, ಮ್ಯಾಂಗನೀಸ್ ಪ್ರಮಾಣ ಬರೆದಂತೆ ಈ ಅಂಕಿಯನ್ನೂ ಬರೆದುಕೊಡಬೇಕೆಂದು ಕೈಗಾರಿಕಾ ಸಂಘಗಳು ಒಟ್ಟಾಗಿ ಗಿರಣಿಗಳನ್ನು ಒತ್ತಾಯಿಸಬೇಕು, ಸ್ಟಾಕಿಸ್ಟರು ಹೀಟ್ ನಂಬರ್ ಪ್ರಕಾರ ಬೇರೆ ಬೇರೆಯಾಗಿ ಪೇರಿಸಬೇಕು.

— ಇಂಧನ ಲೆಕ್ಕಪರಿಶೋಧಕರ ಬಳಗ, ಬೆಳಗಾವಿ