ಬಿಎಸ್–ಎಂಡಿ ಸೀಟಿಗೆ ಮುಂಗಡ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ರೋಬಸ್ಟಾ ಕಾಫಿಯ ಕೊಯ್ಲು ಮುಗಿದು ಕಣದಲ್ಲಿ ಚೆರ್ರಿ ಒಣಗತೊಡಗಿದಾಗ ನಮ್ಮ ದಕ್ಷಿಣ ಕೊಡಗಿನ ಪೇಟೆಗಳಲ್ಲಿ ವಿದೇಶಿ ವೈದ್ಯಕೀಯ ಶಿಕ್ಷಣದ ಕರಪತ್ರಗಳೂ ಕಾಣಿಸಿಕೊಳ್ಳುತ್ತವೆ. ಬೆಳೆಗಾರರ ಕೈಯಲ್ಲಿ ಹಣ ಓಡಾಡುವ ತಿಂಗಳು ಯಾವುದೆಂಬುದು ಅವುಗಳನ್ನು ಹಂಚುವವರಿಗೆ ಚೆನ್ನಾಗಿ ಗೊತ್ತು. ಕಳೆದ ಕೊಯ್ಲಿನ ನಂತರ ಗೋಣಿಕೊಪ್ಪಲಿನ ಸಭಾಂಗಣವೊಂದರಲ್ಲಿ ಇಂತಹ ಮಾಹಿತಿ ಸಭೆ ನಡೆದಾಗ, ನೆರೆಮನೆಯ ಬೆಳೆಗಾರರೊಬ್ಬರ ಒತ್ತಾಯಕ್ಕೆ ನಾನೂ ಜೊತೆಗೆ ಹೋಗಿದ್ದೆ. ‘ಪಿಯುಸಿ ಮುಗಿಸಿ ನೇರವಾಗಿ ಬಿಎಸ್–ಎಂಡಿ, ಅಮೆರಿಕನ್ ಮಾದರಿಯ ಜೋಡಿ ಪದವಿ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಬಿಎಸ್ ಎಂದರೆ ನಮ್ಮ ಬಿಎಸ್‌ಸಿಯಂತಹ ವಿಜ್ಞಾನ ಪದವಿ; ಎಂಡಿಯ ಅರ್ಥವನ್ನು ಮುಂದೆ ಹೇಳುತ್ತೇನೆ. ಒಂದು ಗಂಟೆಗೂ ಹೆಚ್ಚು ಕಾಲ ಮಾತನಾಡಿದ ಯುವಕ, ಈ ಮಾದರಿ ಯಾವ ದೇಶದ್ದು, ಕಾಲೇಜು ಯಾವ ದೇಶದ್ದು ಎಂಬ ವ್ಯತ್ಯಾಸವನ್ನು ಒಮ್ಮೆಯೂ ಬಿಡಿಸಿ ಹೇಳಲಿಲ್ಲ. ನೆರೆಮನೆಯವರು ಮುಂಗಡದ ಚೆಕ್ ಬರೆಯಲು ಪೆನ್ನು ತೆಗೆದಿದ್ದರು. ಈ ಪತ್ರ ಬರೆಯಲು ಅದೇ ಕಾರಣ.

ನಾನು ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರ ಬೋಧಿಸಿ ನಿವೃತ್ತನಾದವನು. ಅಮೆರಿಕದ ಬಿಎಸ್–ಎಂಡಿ ಕೋರ್ಸುಗಳ ಬಗ್ಗೆ ನನಗೂ ಹೆಚ್ಚು ತಿಳಿದಿರಲಿಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಯ ಮೊಮ್ಮಗಳು ಇವುಗಳಿಗೆ ಅರ್ಜಿ ಹಾಕಿ, ತನ್ನ ಪ್ರಬಂಧಗಳನ್ನು ‘ಅಜ್ಜ, ಒಮ್ಮೆ ಓದಿ ನೋಡಿ’ ಎಂದು ಕಳುಹಿಸಿದ ಮೇಲೆಯೇ ಅದರ ಒಳಗುಟ್ಟು ತಿಳಿದದ್ದು.

ಮೊದಲು ‘ಎಂಡಿ’ ಎಂಬ ಎರಡಕ್ಷರದ ವಿಚಾರ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ, ಮತ್ತೊಂದು ಪ್ರವೇಶ ಪರೀಕ್ಷೆ ಬರೆದು, ಮೂರು ವರ್ಷ ಸ್ನಾತಕೋತ್ತರ ಅಧ್ಯಯನ ಮಾಡಿದವರು ಎಂಡಿ. ಅಮೆರಿಕದಲ್ಲಿ ಮತ್ತು ಅಲ್ಲಿನ ಪದ್ಧತಿಯನ್ನು ಅನುಸರಿಸುವ ಫಿಲಿಪ್ಪೀನ್ಸ್‌ನಂತಹ ದೇಶಗಳಲ್ಲಿ ಎಂಡಿ ಎಂದರೆ ವೈದ್ಯನಾಗಲು ಬೇಕಾದ ಮೊದಲ ಪದವಿ, ಅಂದರೆ ನಮ್ಮ ಎಂಬಿಬಿಎಸ್‌ನ ಸ್ಥಾನದಲ್ಲಿರುವ ಪದವಿ ಅಷ್ಟೇ. ಸಭೆಯಲ್ಲಿ ನನ್ನ ಪಕ್ಕ ಕುಳಿತಿದ್ದ ತಾಯಿಯೊಬ್ಬರು ‘ಐದಾರು ವರ್ಷದಲ್ಲಿ ನೇರ ಎಂಡಿಯೇ ಆಗಿಬಿಡುತ್ತಾನಲ್ಲ’ ಎಂದು ಸಂತೋಷಪಟ್ಟಾಗ ವೇದಿಕೆಯಲ್ಲಿದ್ದ ಯಾರೂ ಅವರ ತಪ್ಪು ಕಲ್ಪನೆಯನ್ನು ತಿದ್ದಲಿಲ್ಲ.

ಅಮೆರಿಕದಲ್ಲಿ ಪಿಯುಸಿ ಮಟ್ಟದ ಓದು ಮುಗಿಸಿದವರು ಸಾಮಾನ್ಯವಾಗಿ ನೇರವಾಗಿ ವೈದ್ಯಕೀಯ ಕಾಲೇಜು ಸೇರುವಂತಿಲ್ಲ. ನಾಲ್ಕು ವರ್ಷ ಯಾವುದಾದರೂ ಪದವಿ ಓದಿ, ಎಂಸಿಎಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಮತ್ತೆ ಅರ್ಜಿ ಹಾಕಿ, ಸಂದರ್ಶನ ಎದುರಿಸಿ, ಆಮೇಲೆ ನಾಲ್ಕು ವರ್ಷ ಎಂಡಿ ಓದಬೇಕು. ಈ ಎರಡು ಘಟ್ಟಗಳನ್ನು ಬೆಸೆದು, ಹದಿನೇಳು–ಹದಿನೆಂಟರ ವಯಸ್ಸಿನಲ್ಲಿಯೇ ಷರತ್ತಿನ ಮೇಲೆ ವೈದ್ಯಕೀಯ ಸೀಟನ್ನು ಕಾಯ್ದಿರಿಸುವ ವ್ಯವಸ್ಥೆಯೇ ಬಿಎಸ್–ಎಂಡಿ ಎಂಬ ಸಂಯುಕ್ತ ಕೋರ್ಸು. ಬ್ರೌನ್ ವಿಶ್ವವಿದ್ಯಾಲಯದ ಕೋರ್ಸು ಎಂಟು ವರ್ಷದ್ದು. ಅಲ್ಲಿ ಎಂಸಿಎಟಿ ಕೇಳುವುದಿಲ್ಲ, ಪದವಿಯ ನಾಲ್ಕು ವರ್ಷ ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಬಹುದು. ಕಾನ್ಸಾಸ್ ಸಿಟಿಯ ಮಿಸ್ಸೌರಿ ವಿಶ್ವವಿದ್ಯಾಲಯ 1971ರಿಂದ ಆರು ವರ್ಷದ ಕೋರ್ಸು ನಡೆಸುತ್ತಿದೆ. ಏಳು ವರ್ಷದವೂ ಇವೆ. ಕಾಯ್ದಿರಿಸಿದ ಸೀಟು ಎಂದರೂ ಅದು ಬೀಗ ಹಾಕಿಟ್ಟ ಸೀಟಲ್ಲ: ಪದವಿಯಲ್ಲಿ ನಿಗದಿತ ಸರಾಸರಿ ಅಂಕ ಕಾಯ್ದುಕೊಳ್ಳದಿದ್ದರೆ ಅದು ಕೈತಪ್ಪುತ್ತದೆ, ಕೆಲವು ಕಡೆ ಎಂಸಿಎಟಿಯಲ್ಲಿ ಕನಿಷ್ಠ ಅಂಕವನ್ನೂ ಗಳಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇಂತಹ ಕೋರ್ಸುಗಳಲ್ಲಿ ಅನೇಕವು ಅಮೆರಿಕದ ಪೌರರಿಗೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ತೆರೆದಿವೆ. ಭಾರತದಿಂದ ಹಾಕುವ ಅರ್ಜಿಯನ್ನು ಪರಿಗಣಿಸುವ ಬ್ರೌನ್‌ನಂತಹ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು.

ಆ ಅರ್ಜಿಯೇ ಒಂದು ಪರೀಕ್ಷೆ. ಹಲವು ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಬಳಸುವ ‘ಕಾಮನ್ ಆ್ಯಪ್’ ಎಂಬ ಅರ್ಜಿ ನಮೂನೆ ಪ್ರತಿವರ್ಷ ಆಗಸ್ಟ್ 1ರಂದು ತೆರೆಯುತ್ತದೆ. 650 ಪದ ಮೀರದ ಒಂದು ಸ್ವಂತ ಪ್ರಬಂಧ, ಗರಿಷ್ಠ ಹತ್ತು ಪಠ್ಯೇತರ ಚಟುವಟಿಕೆಗಳ ವಿವರ, ಅಧ್ಯಾಪಕರ ಶಿಫಾರಸು ಪತ್ರಗಳು, ಅದಲ್ಲದೆ ‘ವೈದ್ಯನೇ ಏಕೆ ಆಗಬೇಕು, ಈಗಲೇ ಏಕೆ ತೀರ್ಮಾನಿಸಬೇಕು’ ಎಂಬುದಕ್ಕೆ ಉತ್ತರವಾಗುವ ಪ್ರತ್ಯೇಕ ಬರಹಗಳು. ತಂಗಿಯ ಮೊಮ್ಮಗಳ ಮೊದಲ ಕರಡು, ಹೇಳಬೇಕೆಂದರೆ, ಬೇಸರ ತರಿಸುವಂತಿತ್ತು. ಜನಸೇವೆ, ಕರುಣೆ ಎಂಬ ಮಾತುಗಳೇ ತುಂಬಿದ್ದವು. ಮೂರು ವರ್ಷ ವಾರಾಂತ್ಯದಲ್ಲಿ ವೃದ್ಧಾಶ್ರಮವೊಂದರಲ್ಲಿ ಊಟ ಬಡಿಸುತ್ತಿದ್ದವಳು, ಅಲ್ಲಿ ಮರೆವಿನ ಕಾಯಿಲೆಯ ಮುದುಕರೊಬ್ಬರು ಪ್ರತಿವಾರವೂ ತನ್ನ ಹೆಸರನ್ನು ಹೊಸದಾಗಿ ಕೇಳುತ್ತಿದ್ದುದನ್ನು ಫೋನಿನಲ್ಲಿ ನನಗೆ ಹೇಳಿದ್ದಳು. ಅದನ್ನೇ ಬರೆ ಎಂದೆ. ಐದನೆಯ ಕರಡಿನಲ್ಲಿ ಅದು ಬಂತು. ಪ್ರವೇಶ ಸಮಿತಿಯವರು ಹುಡುಕುವುದು ಇಂತಹದ್ದನ್ನೇ ಎಂದು ಕಾಣುತ್ತದೆ: ಎಳೆಯ ವಯಸ್ಸಿನಲ್ಲಿಯೇ ಎಂಟು ವರ್ಷದ ಓದಿಗೆ ಒಪ್ಪಿಕೊಳ್ಳುವವಳು ಕಾಯಿಲೆಯವರ ಹತ್ತಿರ ಒಂದಷ್ಟು ಹೊತ್ತು ಕುಳಿತು ನೋಡಿದ್ದಾಳೆಯೇ ಎಂಬುದು.

ನಮ್ಮ ಮಕ್ಕಳಲ್ಲಿ ಆ ಗುಣ ಇಲ್ಲವೆಂದಲ್ಲ, ಅದನ್ನು ತೋರಿಸಲು ನಾವು ಅವರಿಗೆ ಬಿಡುವು ಕೊಡುವುದಿಲ್ಲ. ಬ್ರೌನ್‌ನ ಮುಂಚಿತ ಅರ್ಜಿಯ ಗಡುವು ನವೆಂಬರ್ 1. ತಲಕಾವೇರಿಯ ತೀರ್ಥೋದ್ಭವ ಕಳೆದು ಹುತ್ತರಿ ಇನ್ನೂ ಬರಬೇಕಾದ ಆ ದಿನಗಳಲ್ಲಿ ದ್ವಿತೀಯ ಪಿಯು ಮಕ್ಕಳು ಕಾಲೇಜಿನ ಪಾಠ, ನೀಟ್ ಕೋಚಿಂಗ್, ವಾರದ ಕಿರುಪರೀಕ್ಷೆಗಳ ನಡುವೆ ಸಿಲುಕಿರುತ್ತಾರೆ. ನೀಟ್ ಕೇಳುವುದು 180 ಪ್ರಶ್ನೆಗಳಿಗೆ ತಪ್ಪಿಲ್ಲದ ಉತ್ತರ. ಅಮೆರಿಕದ ಅರ್ಜಿ ಕೇಳುವುದು ವರ್ಷಗಳ ಕಾಲ ಏನು ಮಾಡುತ್ತಿದ್ದೆ ಎಂಬ ವೃತ್ತಾಂತ. ಒಂದೇ ವರ್ಷದಲ್ಲಿ ಎರಡಕ್ಕೂ ತಯಾರಾಗುವುದು ಅಸಾಧ್ಯವಲ್ಲವಾದರೂ, ಒಂಬತ್ತನೆಯ ತರಗತಿಯಿಂದಲೇ ತೊಡಗದವರಿಗೆ ಅದು ದುಸ್ಸಾಹಸವೇ. ಶಿಫಾರಸು ಪತ್ರದ ವಿಷಯದಲ್ಲಿ ತಪ್ಪು ನನ್ನಂತಹ ಅಧ್ಯಾಪಕರದ್ದೂ ಇದೆ. ‘ಇವರ ನಡತೆ ಮತ್ತು ಗುಣ ಉತ್ತಮವಾಗಿವೆ’ ಎಂಬ ಒಂದೇ ಸಾಲಿನ ಪ್ರಮಾಣಪತ್ರಕ್ಕೆ ಮೊಹರು ಒತ್ತಿ ಅಭ್ಯಾಸವಾದ ನಮ್ಮಲ್ಲಿ ಎಷ್ಟು ಮಂದಿ ಒಬ್ಬ ವಿದ್ಯಾರ್ಥಿಯ ಬಗ್ಗೆ ಒಂದು ಪುಟ ಬರೆಯಬಲ್ಲೆವು? ನಾನಂತೂ ನನ್ನ ಸೇವಾವಧಿಯಲ್ಲಿ ಒಂದನ್ನೂ ಬರೆಯಲಿಲ್ಲ.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ರೌನ್‌ನಲ್ಲಿ ಪದವಿ ಓದಿನ ಒಂದು ವರ್ಷದ ಒಟ್ಟು ವೆಚ್ಚ 90 ಸಾವಿರ ಡಾಲರನ್ನು ಮೀರಿದೆ. ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಸಿಗುವುದಿಲ್ಲ. ಕೆಲವು ವೈದ್ಯಕೀಯ ಕಾಲೇಜುಗಳು ಅವರಿಂದ ನಾಲ್ಕೂ ವರ್ಷದ ಶುಲ್ಕವನ್ನು ಮೊದಲೇ ಠೇವಣಿ ಇಡಿಸಿಕೊಳ್ಳುತ್ತವೆ. ಕಾಫಿಗೆ ಈಚೆಗೆ ಬಂದ ಬೆಲೆಯನ್ನು ನಂಬಿ ಎಂಟು ವರ್ಷದ ಲೆಕ್ಕ ಹಾಕುವುದು ಹೇಗೆಂಬುದನ್ನು ಬೆಲೆ ಕುಸಿದ ವರ್ಷಗಳನ್ನೂ ಕಂಡಿರುವ ಬೆಳೆಗಾರರಿಗೆ ನಾನು ಹೇಳಿಕೊಡಬೇಕಿಲ್ಲ.

ಕರಪತ್ರದವರು ಮಾರುವ ಬಿಎಸ್–ಎಂಡಿ ಇದಲ್ಲ. ಸಭೆಯ ಕೊನೆಯಲ್ಲಿ ನಾನು ಎದ್ದು ಕೇಳಿದ ಮೇಲೆ ಫಿಲಿಪ್ಪೀನ್ಸ್‌ನ ಹೆಸರು ಹೊರಬಂತು. ಆ ದೇಶದಲ್ಲಿಯೂ ಮೊದಲು ಬಿಎಸ್, ಆಮೇಲೆ ನಾಲ್ಕು ವರ್ಷದ ಎಂಡಿ. ಅಲ್ಲಿ ಕಲಿಸುವುದು ಕಳಪೆ ಎಂದು ನಾನು ಹೇಳಲಾರೆ. ತೊಡಕು ಇರುವುದು ತಿಂಗಳ ಲೆಕ್ಕದಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್ 18ರಂದು ಹೊರಡಿಸಿದ ನಿಯಮಾವಳಿಯ ಪ್ರಕಾರ, ವಿದೇಶದಲ್ಲಿ ಓದಿ ಬಂದು ಭಾರತದಲ್ಲಿ ವೈದ್ಯವೃತ್ತಿ ನಡೆಸಬೇಕಾದವರು ಒಂದೇ ಸಂಸ್ಥೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ವೈದ್ಯಕೀಯ ಕೋರ್ಸು ಮುಗಿಸಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಿರಬೇಕು, ಆ ದೇಶದ ಪೌರರಿಗೆ ಕೊಡುವುದಕ್ಕೆ ಸಮಾನವಾದ ವೃತ್ತಿ ಪರವಾನಗಿಗೆ ಅರ್ಹರಾಗಿರಬೇಕು. ನಾಲ್ಕು ವರ್ಷ ಎಂದರೆ 48 ತಿಂಗಳು. ಜೀವಶಾಸ್ತ್ರ, ಮನಶ್ಶಾಸ್ತ್ರದಂತಹ ವಿಷಯಗಳನ್ನು ಓದಿಸುವ ಬಿಎಸ್ ಅವಧಿಯನ್ನು ವೈದ್ಯಕೀಯ ಕೋರ್ಸಿನ ಲೆಕ್ಕಕ್ಕೆ ಸೇರಿಸಿ 54 ತುಂಬಿಸುವ ಜಾಣತನಕ್ಕೆ ಸಭೆಯಲ್ಲಿ ಚಪ್ಪಾಳೆ ಬಿತ್ತೇ ಹೊರತು ಅದಕ್ಕೆ ಆಯೋಗದ ಒಪ್ಪಿಗೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಹೊರಗೆ ಓದಲು ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕೆಂಬುದನ್ನು, ಮರಳಿ ಬಂದ ಮೇಲೆ ವಿದೇಶದಲ್ಲಿ ಓದಿದವರಿಗೆಂದೇ ಇರುವ 300 ಅಂಕಗಳ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ 150 ಗಳಿಸಬೇಕೆಂಬುದನ್ನು ಕರಪತ್ರದ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮುದ್ರಿಸಲಾಗಿತ್ತು. ಆ ಪರೀಕ್ಷೆಯಲ್ಲಿ ಬಹುತೇಕ ಬಾರಿ ತೇರ್ಗಡೆಯಾಗುವವರು ಬರೆದವರಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ ಎಂಬುದು ಅಲ್ಲಿಯೂ ಇರಲಿಲ್ಲ. ಅಮೆರಿಕದಲ್ಲಿ ಓದಿ ಊರಿಗೆ ಮರಳುವ ಯೋಚನೆ ಇರುವವರು ಕೂಡ ಇದೇ ನಿಯಮಾವಳಿಯನ್ನು ಮುಂದಿಟ್ಟುಕೊಂಡು, ಆಯೋಗದಿಂದ ಲಿಖಿತ ಉತ್ತರ ಪಡೆದೇ ಹೆಜ್ಜೆ ಇಡುವುದು ಕ್ಷೇಮ.

ಮಕ್ಕಳನ್ನು ಹೊರಗೆ ಕಳುಹಿಸಬಾರದೆಂಬುದು ನನ್ನ ವಾದವಲ್ಲ. ನಮ್ಮ ಕಾಲದಲ್ಲಿ ಡಾಕ್ಟರಾಗಲು ಮೈಸೂರಿಗೋ ಮಂಗಳೂರಿಗೋ ಹೋಗಬೇಕಿತ್ತು; 2016ರಿಂದ ಮಡಿಕೇರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ವರ್ಷಕ್ಕೆ 150 ಸೀಟುಗಳಿವೆ. ಹಳ್ಳಿ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಮೀಸಲಾತಿ ಇದೆ. ಮಗ ಒಂದು ವರ್ಷ ಮನೆಯಲ್ಲಿ ಕುಳಿತು ಮತ್ತೆ ನೀಟ್ ಬರೆದರೆ ನೆಂಟರಿಷ್ಟರ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಹೆದರಿ ವಿಮಾನ ಹತ್ತಿಸುವವರನ್ನು ನಾನು ಹಲವರನ್ನು ಕಂಡಿದ್ದೇನೆ. ಮದುವೆ ಮನೆಯಲ್ಲಿ ಎದುರಾಗುವ ಪ್ರಶ್ನೆಗಳಿಗೆ ಹೆದರಿ ಅರ್ಧ ತೋಟವನ್ನು ಅಡವಿಡುವುದು ನನ್ನ ಬುದ್ಧಿಗೆ ಎಟಕುವ ಲೆಕ್ಕವಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂತಹ ಸಭೆಗಳ ಸುದ್ದಿ ಪ್ರಕಟಿಸುವಾಗ ಕಾಲೇಜು ಇರುವ ದೇಶ, ಬಿಎಸ್ ಬಿಟ್ಟು ಎಂಡಿ ಕೋರ್ಸಿನ ಅವಧಿಯೇ ಎಷ್ಟು ತಿಂಗಳು, ಇಂಟರ್ನ್‌ಶಿಪ್ ಎಲ್ಲಿ ಎಂಬ ಮೂರು ಮಾಹಿತಿಗಳನ್ನಾದರೂ ವರದಿಗಾರರು ಸಂಘಟಕರಿಂದ ಕೇಳಿ ಬರೆಯಲಿ. ಜಿಲ್ಲೆಯ ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರು ತಮ್ಮ ಕಾಲೇಜಿನ ಸಭಾಂಗಣವನ್ನು ಏಜೆಂಟರಿಗೆ ಬಿಟ್ಟುಕೊಡುವ ಮೊದಲು ಅದೇ ವಿವರಗಳನ್ನು ಬರಹದಲ್ಲಿ ಪಡೆಯಲಿ. ಅಮೆರಿಕದ ಕೋರ್ಸುಗಳಿಗೆ ನಿಜವಾಗಿಯೂ ಯೋಗ್ಯರಾದ ಒಬ್ಬಿಬ್ಬರು ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಅವರಿಗೆ ಶಿಫಾರಸು ಪತ್ರ ಬರೆಯುವ ಅಧ್ಯಾಪಕರಿಗೆ ನೆರವಾಗಲು, ಇಷ್ಟು ತಡವಾಗಿಯಾದರೂ, ನಾನು ಸಿದ್ಧನಿದ್ದೇನೆ.

ನೆರೆಮನೆಯವರು ಅಂದು ಚೆಕ್ ಬರೆಯಲಿಲ್ಲ. ಎಂಡಿ ಕೋರ್ಸಿನ ತಿಂಗಳುಗಳ ಲೆಕ್ಕವನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ ಎಂದು ಕೇಳಿದ್ದಾರೆ. ಕಣದ ಕಾಫಿ ಮೂಟೆ ಸೇರಿ ಕ್ಯೂರಿಂಗ್‌ಗೆ ಹೋಗಿಯಾಯಿತು, ಉತ್ತರ ಇನ್ನೂ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ವಿರಾಜಪೇಟೆ