ಮಾತಾಡಿಸದೇ ಇದ್ದವರಿಗೆ

ಕಾಯಿಲೆ ಬಿದ್ದವರನ್ನು ನೋಡಲು ಹೋಗುವುದಕ್ಕೆ ನಾವು ‘ಮಾತಾಡಿಸಿಕೊಂಡು ಬರುವುದು’ ಅನ್ನುತ್ತೇವೆ. ಕಳೆದ ಏಳು ತಿಂಗಳಲ್ಲಿ, ಹಾಡುವ ದನಿ ಕಳೆದುಕೊಂಡಿದ್ದ ನನ್ನನ್ನು ನೋಡಲು ಬಂದು, ಮಾತಾಡಿಸದೇ ಕೂತಿದ್ದು ಎದ್ದುಹೋದವರಿಗೆ ಈ ಬರಹ.

ಮೊನ್ನೆ ಶನಿವಾರ ಮತ್ತೆ ಒಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ವೇದಿಕೆ ಹತ್ತಿದೆ. ಮೊತ್ಸಾರ್ಟ್‌ನ ‘ಫಿಗರೋನ ಮದುವೆ’ಯಲ್ಲಿ ಕೌಂಟೆಸ್, ಅಂದರೆ ಸಿರಿವಂತ ಕೌಂಟ್‌ನ ಹೆಂಡತಿಯ ಪಾತ್ರ. ಕೊನೆಯ ಸ್ವರದವರೆಗೂ ಹಾಡಿದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ದನಿ ಹೋಗಿದ್ದೂ ಇದೇ ಪಾತ್ರದ ತಾಲೀಮಿನಲ್ಲಿ. ಕೌಂಟೆಸ್ ಮೊದಲ ಅಂಕದಲ್ಲಿ ಹಾಡುವುದೇ ಇಲ್ಲ. ಎರಡನೇ ಅಂಕದ ಪರದೆ ಏಳುವಾಗ ಒಬ್ಬಳೇ ನಿಂತಿರುತ್ತಾಳೆ. ಅದಕ್ಕೆ ಮುಂಚೆ ಗಂಟಲು ಹದಕ್ಕೆ ಬರಲು ಒಂದು ಸಾಲೂ ಸಿಕ್ಕಿರುವುದಿಲ್ಲ. ನೇರವಾಗಿ ನಿಧಾನಗತಿಯ ಆರಿಯಾ, ಅಂದರೆ ಒಬ್ಬಳೇ ಹಾಡುವ ಹಾಡು. ಸಾಹಿತ್ಯ ನಾಲ್ಕೇ ಸಾಲು: ಗಂಡನ ಪ್ರೀತಿಯನ್ನು ಮರಳಿ ಕೊಡು, ಇಲ್ಲವೇ ಸಾಯಲು ಬಿಡು ಎಂಬ ಮೊರೆ. ಅದರಲ್ಲಿ ದನಿ ಮೇಲಿನ ಎ-ಫ್ಲಾಟ್ ಎಂಬ ಎತ್ತರದ ಸ್ವರದವರೆಗೆ ಏರಬೇಕು. ಆ ಸ್ವರದಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 830 ಸಲ ಕಂಪಿಸುತ್ತವೆ. ಅವತ್ತು ನಾನು ಬಾಯಿ ತೆರೆದೆ, ಉಸಿರು ಹೊರಬಂತು, ಸ್ವರ ಬರಲಿಲ್ಲ. ನೋವೂ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ತಂತುವಿನೊಳಗಿನ ಸಣ್ಣ ರಕ್ತನಾಳ ಒಡೆದಿತ್ತು, ಪಕ್ಕದಲ್ಲೇ ಒಂದು ಪಾಲಿಪ್, ಅಂದರೆ ಮೆತ್ತನೆಯ ಸಣ್ಣ ಗಂಟು ಬೆಳೆದಿತ್ತು. ಹೆಂಗಸರಲ್ಲಿ ತಂತುವಿನ ಕಂಪಿಸುವ ಭಾಗ ಸುಮಾರು 1 ಸೆಂಟಿಮೀಟರ್, ಅಷ್ಟೇ. ಅದರ ಮೇಲ್ಪದರದ ಕೆಳಗೆ ಲೋಳೆಯಂಥ ಮೆತ್ತನೆಯ ಪದರವಿದೆ. ಅಲ್ಲಿ ಗಾಯದ ಕಲೆ ಉಳಿದರೆ ದನಿಯ ಮಾರ್ದವ ಹೋದಂತೆಯೇ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಸುಳ್ಳು ಭರವಸೆ ಕೊಡಲಿಲ್ಲ. “ನನ್ನ ಕೆಲಸ ಮೈಕ್ರೋಸ್ಕೋಪಿನ ಕೆಳಗೆ ಅರ್ಧ ಗಂಟೆ. ನಿಮ್ಮದು ಅದಾದ ಮೇಲೆ, ಸುಮ್ಮನಿರುವ ಕೆಲಸ” ಅಂದರು. ಅವರಿಗೆ ಮೊದಲ ನಮಸ್ಕಾರ.

ಹತ್ತು ದಿನ ಪೂರ್ತಿ ಮೌನ. ಪಿಸುಮಾತೂ ಕೂಡದು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಂತೆಯೂ ಇಲ್ಲ. ಅಮ್ಮ ದಿನಾ ಸಂಜೆ ಫೋನ್ ಮಾಡಿ ಒಬ್ಬಳೇ ಮಾತಾಡುತ್ತಿದ್ದಳು. ನಾನು ಉಗುರಿನಿಂದ ಫೋನಿನ ಮೇಲೆ ಬಡಿಯಬೇಕು: ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. “ಊಟ ಆಯ್ತಾ?” ಒಂದು. “ಅತ್ತಿದ್ದೀಯಾ?” ಎರಡು. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು.

ನನಗೆ ಅಭ್ಯಾಸ ಮಾಡಿಸುವ ಪಿಯಾನೊ ವಾದಕಿ ಮಾಡಿದ್ದನ್ನು ಜೀವ ಇರುವವರೆಗೂ ಮರೆಯಲಾರೆ. ಆರನೇ ದಿನವೋ ಏಳನೇ ದಿನವೋ ಬಂದರು. ಹೇಗಿದ್ದೀಯ ಅಂತ ಕೇಳಲಿಲ್ಲ. ಕೋಟು ಕಳಚಿಟ್ಟು, ಪಿಯಾನೊ ಮುಂದೆ ಕೂತು, ಅದೇ ಆರಿಯಾದ ಆರಂಭದ ಸಂಗೀತ ನುಡಿಸಿದರು. ನನ್ನ ಸಾಲು ಬರುವ ಜಾಗಕ್ಕೆ ಬಂದಾಗ ಆ ಸಾಲನ್ನು ಅವರು ನುಡಿಸಲೂ ಇಲ್ಲ, ಗುನುಗಲೂ ಇಲ್ಲ. ಪಕ್ಕವಾದ್ಯದ ಭಾಗವನ್ನಷ್ಟೇ ನುಡಿಸುತ್ತಾ ನನ್ನ ಜಾಗವನ್ನು ಖಾಲಿ ಬಿಟ್ಟರು. ನಾನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಅವರ ಕೈ ಕೂದಲೆಳೆಯಷ್ಟು ತಡೆಯುತ್ತಿತ್ತು. ನಾನೂ ಅಲ್ಲೇ ಉಸಿರೆಳೆದೆ. ಎ-ಫ್ಲಾಟ್ ಬರುವಲ್ಲಿ ಕಾದರು, ನಾನು ಹಾಡುತ್ತಿದ್ದರೆ ಎಷ್ಟು ಹೊತ್ತು ಕಾಯುತ್ತಿದ್ದರೋ ಅಷ್ಟೇ. ಮುಗಿದ ಮೇಲೆ ಕೋಟು ಹಾಕಿಕೊಂಡು ಹೋದರು. ವಾರಕ್ಕೆರಡು ಸಲ ಹೀಗೇ ಬಂದರು, ಒಂದು ಕಾಸೂ ಮುಟ್ಟಲಿಲ್ಲ.

ದುಡ್ಡಿನ ಮಾತನ್ನೂ ಹೇಳಿಬಿಡಬೇಕು. ನನ್ನಂಥ ಅತಿಥಿ ಗಾಯಕರಿಗೆ ಸಂಭಾವನೆ ಪ್ರದರ್ಶನದ ಲೆಕ್ಕದಲ್ಲಿ. ಹಾಡದಿದ್ದರೆ ಬಹುತೇಕ ಏನೂ ಸಿಗುವುದಿಲ್ಲ. ಒಂದು ಸಂಸ್ಥೆ ಒಂದೇ ಸಾಲಿನ ಪತ್ರದಲ್ಲಿ ಕರಾರು ಮುರಿಯಿತು. ಇನ್ನೊಂದು ನನ್ನ ಜಾಗವನ್ನು ಹಾಗೇ ಉಳಿಸಿಕೊಂಡಿತು, ಮೊನ್ನೆ ಹಾಡಿದ್ದು ಅಲ್ಲಿಯೇ. ನನ್ನ ಬದಲಿಗೆ ಹಾಡಿದ ಗಾಯಕಿ ಪ್ರತಿ ಪ್ರದರ್ಶನ ಮುಗಿದ ಮೇಲೂ ನನಗೊಂದು ಸಂದೇಶ ಕಳಿಸುತ್ತಿದ್ದಳು: ‘ನಿನ್ನ ಪಾತ್ರ ಕ್ಷೇಮ.’ ತಂಗೀ, ಎಷ್ಟು ದೊಡ್ಡ ಮನಸ್ಸು ನಿನ್ನದು.

ನಮ್ಮ ವೃತ್ತಿಯಲ್ಲಿ ಗಂಟಲ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುವುದೇ ಹೆಚ್ಚು. ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ದಾಟಿ ಕೇಳಿಸಬೇಕಾದ ದನಿ ಒಮ್ಮೆ ಕೆಟ್ಟಿತ್ತು ಅಂದರೆ ಮುಂದೆ ಕರೆಯುವವರು ಯಾರು ಎಂಬ ಭಯ. ಸೊಪ್ರಾನೊ (ಹೆಂಗಸರ ಎತ್ತರದ ದನಿಯ ಗಾಯಕಿ) ನಟಾಲಿ ದೆಸ್ಸೆ ತಮ್ಮ ಶಸ್ತ್ರಚಿಕಿತ್ಸೆಗಳ ಬಗ್ಗೆ ಬಹಿರಂಗವಾಗಿಯೇ ಮಾತಾಡಿದರು. ಟೆನರ್ (ಗಂಡಸರ ಎತ್ತರದ ದನಿಯ ಗಾಯಕ) ರೊಲಾಂಡೊ ವಿಲ್ಯಾಸೊನ್ 2009ರಲ್ಲಿ ಧ್ವನಿತಂತುವಿನ ಸಿಸ್ಟ್ (ಚೀಲದಂಥ ಗಂಟು) ತೆಗೆಸಿಕೊಂಡು, 2010ರಲ್ಲಿ ವೇದಿಕೆಗೆ ಮರಳಿದರು. ನಾನು ಅವರನ್ನು ಭೇಟಿಯಾದವಳಲ್ಲ, ಆದರೂ ನಿದ್ದೆ ಬಾರದ ರಾತ್ರಿಗಳಲ್ಲಿ ಆ ಎರಡು ಹೆಸರು ನನಗೆ ಆಸರೆಯಾಗಿದ್ದವು. ಈಗ ಯಾರಾದರೂ ವೈದ್ಯರ ಕೋಣೆಯ ಹೊರಗೆ ಕೂತು ಇದನ್ನು ಓದುತ್ತಿದ್ದರೆ, ನಾನೂ ಅಲ್ಲಿ ಕೂತಿದ್ದೆ ಎಂದು ತಿಳಿಯಲಿ.

ಮೌನ ಮುಗಿದ ಮೇಲೆ ಸ್ಟ್ರಾ ಕಚ್ಚಿಕೊಂಡು ‘ಊ’ ಅನ್ನುವ ಪಾಠ. ಮೊದಲು ದಿನಕ್ಕೆ ಐದು ನಿಮಿಷ. ಕಲಿಸಿದ ಧ್ವನಿ ಚಿಕಿತ್ಸಕಿಯ ತಾಳ್ಮೆ ದೊಡ್ಡದು.

ಶನಿವಾರ ಪರದೆ ಏಳುವ ಮುಂಚೆ ಉಡುಪು ತೊಡಿಸುವ ಅಕ್ಕ ಬೆನ್ನಿನ ದಾರ ಬಿಗಿಯುತ್ತಾ, ಪಕ್ಕೆಲುಬಿನ ಹತ್ತಿರ ಎರಡು ಬೆರಳಿನಷ್ಟು ಸಡಿಲ ಬಿಟ್ಟರು. ಏನೂ ಹೇಳಲಿಲ್ಲ. ಆರಿಯಾದ ಸಂಗೀತ ಶುರುವಾಯಿತು. ಈ ಸಲ ನನ್ನ ಜಾಗ ಖಾಲಿ ಉಳಿಯಲಿಲ್ಲ.

ಪ್ರದರ್ಶನ ಮುಗಿದು ಬಣ್ಣ ತೆಗೆಯುವ ಮುಂಚೆಯೇ ಅಮ್ಮನಿಗೆ ಫೋನ್ ಮಾಡಿದೆ. “ಹಾಡಿದ್ಯಾ ಮಗಳೇ?” ಅಂದಳು. ಗಂಟಲು ಕಟ್ಟಿ ಬಂತು. ಉಗುರಿನಿಂದ ಫೋನಿನ ಮೇಲೆ ಒಂದು ಸಲ ಬಡಿದೆ.